ನೊಣಕ್ಕೆ ನಿಮ್ಮ ಕೈ ಬರೋದು ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸೇಡಂ ತಾಲೂಕಿನ ಒಂದು ಹಳ್ಳಿ, ತೊಗರಿ ಮತ್ತು ಹೆಸರು ಬೆಳೆಯುತ್ತೇವೆ. ಏಳನೇ ಕ್ಲಾಸ್ ಓದುವ ನನ್ನ ಮಗಳು ಊಟಕ್ಕೆ ಕೂತಾಗ ಇದನ್ನು ಕೇಳಿದಳು, ನನಗೆ ಹೇಳೋಕೆ ಆಗಲಿಲ್ಲ. ನೊಣ ಹೊಡೆಯಲು ಹೋದರೆ ಪ್ರತಿ ಸಲ ತಪ್ಪಿಸಿಕೊಳ್ಳುತ್ತೆ. ಮಳೆ ನಿಂತ ಮೇಲೆ ಹೊಲದ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆ ಹಾರಿದರೂ ಒಂದಕ್ಕೊಂದು ಡಿಕ್ಕಿ ಹೊಡೆಯಲ್ಲ. ಆದರೆ ಸಂಜೆ ಬೈಕ್ ಮೇಲೆ ಬರುವಾಗ ಹುಳ ಬಂದು ಮುಖಕ್ಕೇ ಬಡಿಯುತ್ತವೆ, ಲೈಟಿಗೆ ಸುತ್ತುತ್ತವೆ, ಕಿಟಕಿ ಗಾಜಿಗೆ ತಲೆ ಚಚ್ಚಿಕೊಳ್ಳುತ್ತವೆ. ಅಷ್ಟು ಜಾಣ ಇದ್ದರೆ ಹೀಗ್ಯಾಕೆ ಮಾಡುತ್ತವೆ?

ಉತ್ತರ: ಅಣ್ಣಾ, ನಿಮ್ಮ ಮಗಳು ಕೊನೆಗೆ ಕೇಳಿದ್ದೇ ಭಾಳ ಗಟ್ಟಿ ಪ್ರಶ್ನೆ. ಕೀಟಗಳ ಕಣ್ಣಿನ ಮೇಲೆ ನಾನು ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಲಬುರಗಿಯ ಕಾಲೇಜಿನಲ್ಲಿ ಪಾಠ ಮಾಡುವಾಗ ಹುಡುಗರು ನೊಣ ತಪ್ಪಿಸಿಕೊಳ್ಳೋದನ್ನು ಕೇಳುತ್ತಾರೆ, ಗಾಜಿಗೆ ಬಡಿಯೋದನ್ನೂ ಕೇಳುತ್ತಾರೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುವವರು ಕಡಿಮೆ. ಇಟ್ಟು ನೋಡಿದರೆ ಎರಡಕ್ಕೂ ಕಾರಣ ಒಂದೇ. ನೊಣ ತನ್ನ ಎದುರಿಗೆ ಇರೋದು ಏನು, ಎಷ್ಟು ದೂರ ಇದೆ ಅಂತ ನೇರವಾಗಿ ನೋಡಲ್ಲ. ಹಾರುವಾಗ, ತಪ್ಪಿಸಿಕೊಳ್ಳುವಾಗ ಅದರ ಕಣ್ಣು ಮುಖ್ಯವಾಗಿ ನೋಡೋದು ಇಷ್ಟೇ: ಚಿತ್ರ ಯಾವ ಕಡೆಗೆ ಜಾರುತ್ತಿದೆ, ಎಷ್ಟು ಬೇಗ ಜಾರುತ್ತಿದೆ, ದೊಡ್ಡದಾಗುತ್ತಿದೆಯಾ. ಇದಕ್ಕೆ ಉತ್ತರ ಸಿಗುವ ಕಡೆ ಅದನ್ನು ಮೀರಿಸುವವರಿಲ್ಲ. ಸಿಗದ ಕಡೆ ಹೋಗಿ ಬಡಿಯುತ್ತದೆ.

ಮೊದಲು ಕಣ್ಣಿನ ವಿಷಯ ಹೇಳುತ್ತೇನೆ, ಯಾಕಂದರೆ ಇಲ್ಲಿ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ನೊಣದ ಕಣ್ಣಿನಲ್ಲಿ ಸಾವಿರಾರು ಪುಟ್ಟ ಮಸೂರಗಳಿವೆ, ಅದು ಖರೆ. ಮನೆ ನೊಣದ ಒಂದೊಂದು ಕಣ್ಣಿಗೆ ಮೂರು ಸಾವಿರಕ್ಕೂ ಜಾಸ್ತಿ, ಜೇನುಹುಳಕ್ಕೆ ಸುಮಾರು ಐದು ಸಾವಿರ, ನಿಮ್ಮ ಹೊಲದ ಏರೋಪ್ಲೇನ್ ಚಿಟ್ಟೆಯ ಜಾತಿಯಲ್ಲಿ ಕೆಲವಕ್ಕೆ 28,000ದವರೆಗೆ. ಆದರೆ ಸಿನಿಮಾದಲ್ಲಿ ತೋರಿಸುವ ಹಾಗೆ ನೊಣಕ್ಕೆ ನಿಮ್ಮ ಮುಖ ಸಾವಿರ ಸಲ ಕಾಣಲ್ಲ. ಒಂದು ಮಸೂರಕ್ಕೆ ಒಂದು ಚುಕ್ಕೆ, ಅಷ್ಟೇ. ಸಾವಿರಾರು ಚುಕ್ಕೆ ಸೇರಿ ಒಂದೇ ಚಿತ್ರ, ಅದೂ ಮಸುಕು ಮಸುಕು. ಕೈ ಪೂರ್ತಿ ಚಾಚಿ ನಿಮ್ಮ ಹೆಬ್ಬೆರಳು ನೋಡಿ. ಅದು ನಿಮ್ಮ ಕಣ್ಣಿನಲ್ಲಿ ಸುಮಾರು 2 ಡಿಗ್ರಿ ಜಾಗ ಹಿಡಿಯುತ್ತದೆ. ನಿಮಗೆ ಅಲ್ಲಿ ಉಗುರು, ಗೆರೆ, ಉಗುರಿನ ಕೊಳೆ ಎಲ್ಲ ಕಾಣುತ್ತದೆ. ಮನೆ ನೊಣಕ್ಕೆ ಅಷ್ಟೂ ಸೇರಿ ಹೆಚ್ಚುಕಡಿಮೆ ಒಂದೇ ಚುಕ್ಕೆ. ನಿಮ್ಮ ಮಗಳ ಪುಸ್ತಕದ ಅಕ್ಷರವನ್ನು ಅದು ಎಂದಿಗೂ ಓದಲಾರದು.

ಹಾಗಾದರೆ ಅದಕ್ಕೆ ಏನಿದೆ ಅಂದರೆ ವೇಗ ಇದೆ. ಮಿನುಗುವ ದೀಪ ಸೆಕೆಂಡಿಗೆ ಸುಮಾರು 60 ಸಲಕ್ಕಿಂತ ಜಾಸ್ತಿ ಮಿನುಗಿದರೆ ನಮಗೆ ಸ್ಥಿರವಾಗಿ ಉರಿಯುವಂತೆ ಕಾಣುತ್ತದೆ. ವೇಗವಾಗಿ ಹಾರುವ ನೊಣಗಳಿಗೆ ಸೆಕೆಂಡಿಗೆ 200 ಸಲ ಮಿನುಗಿದರೂ ಅದು ಮಿನುಗುತ್ತಿರುವುದು ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲಿ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಇದ್ದರೆ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಾವು ಅದರ ಕೆಳಗೆ ಆರಾಮಾಗಿ ರೊಟ್ಟಿ ತಿನ್ನುತ್ತೇವೆ, ಅದೇ ಕೋಣೆಯ ನೊಣಕ್ಕೆ ಅದು ಪಟಪಟ ಹೊತ್ತಿ ಆರುವ ದೀಪ. ನೀವು ಬೀಸುವ ಕೈಯನ್ನೂ ಅದು ಹೀಗೆಯೇ ನೋಡುತ್ತದೆ, ಒಂದೊಂದು ಹಂತವನ್ನೂ ಬಿಡಿಸಿ ಬಿಡಿಸಿ. ನಮ್ಮ ಕಣ್ಣಿನಲ್ಲಿ ಚೂಪು ಜಾಸ್ತಿ, ಅದರ ಕಣ್ಣಿನಲ್ಲಿ ಚುರುಕು ಜಾಸ್ತಿ.

ಈಗ ನಿಜವಾದ ಚಮತ್ಕಾರಕ್ಕೆ ಬರೋಣ. ಒಂದು ಚುಕ್ಕೆಯನ್ನು ನೋಡುವ ಒಂದು ಮಸೂರಕ್ಕೆ ಚಲನೆ ಅನ್ನೋದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಬೆಳಕು ಹೆಚ್ಚಾಯಿತಾ, ಕಡಿಮೆಯಾಯಿತಾ ಅನ್ನೋದು ಮಾತ್ರ. ಎಡದಿಂದ ಬಲಕ್ಕೆ ಹೋಯಿತು ಅಂತ ಹೇಳಬೇಕಾದರೆ ಕನಿಷ್ಠ ಎರಡು ಮಸೂರ ಬೇಕು, ಜೊತೆಗೆ ಅವೆರಡರ ಸುದ್ದಿಯನ್ನು ತಾಳೆ ಹಾಕುವ ಒಂದು ವ್ಯವಸ್ಥೆ ಬೇಕು. ಅದು ಹೇಗೆ ಅನ್ನೋದನ್ನು ನಮ್ಮ ರೈಲಿನ ಮೂಲಕ ಹೇಳುತ್ತೇನೆ.

ಶಹಾಬಾದ್ ಸ್ಟೇಷನ್‌ನಲ್ಲಿ ಒಬ್ಬ, ವಾಡಿಯಲ್ಲಿ ಒಬ್ಬ ಕಾವಲುಗಾರ ಇದ್ದಾರೆ ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ರೈಲು ಯಾವ ಕಡೆಗೆ ಹೋಗುತ್ತಿದೆ ಅಂತ ಕಾಣಲ್ಲ, ಮುಂದೆ ಏನೋ ಹಾದುಹೋಯಿತು ಅನ್ನೋದಷ್ಟೇ ಗೊತ್ತು. ವಾಡಿಯ ಆಫೀಸಿನಲ್ಲಿ ಒಬ್ಬ ಕಾರಕೂನ ಕೂತಿದ್ದಾನೆ. ವಾಡಿ ಕಾವಲುಗಾರನ ಸುದ್ದಿ ಅವನಿಗೆ ತಕ್ಷಣ ಮುಟ್ಟುತ್ತದೆ. ಶಹಾಬಾದಿನ ಸುದ್ದಿ ಬೇಕಂತಲೇ 10 ನಿಮಿಷ ತಡವಾಗಿ ಮುಟ್ಟುತ್ತದೆ. ಎರಡೂ ಸುದ್ದಿ ಒಂದೇ ಗಳಿಗೆಯಲ್ಲಿ ಮೇಜಿಗೆ ಬಿದ್ದರೆ ಮಾತ್ರ ಅವನು ಗಂಟೆ ಬಾರಿಸಬೇಕು. ಶಹಾಬಾದ್ ಬಿಟ್ಟ ರೈಲು 10 ನಿಮಿಷಕ್ಕೆ ವಾಡಿ ತಲುಪಿದರೆ ಎರಡೂ ಸುದ್ದಿ ಒಟ್ಟಿಗೆ ಬಂದು ಗಂಟೆ ಬಾರಿಸುತ್ತದೆ: ರೈಲು ಯಾದಗಿರಿ ಕಡೆಗೆ ಹೊರಟಿದೆ. ಅದೇ ರೈಲು ವಾಡಿಯಿಂದ ಕಲಬುರಗಿ ಕಡೆಗೆ ಬಂದರೆ? ಮೊದಲು ವಾಡಿ ಸುದ್ದಿ ಬರುತ್ತದೆ, ಶಹಾಬಾದಿನದು ಬರುವ ಹೊತ್ತಿಗೆ 20 ನಿಮಿಷ ಆಗಿರುತ್ತದೆ. ಗಂಟೆ ಬಾರಿಸಲ್ಲ. ಆ ದಿಕ್ಕಿಗೆ ಇನ್ನೊಬ್ಬ ಕಾರಕೂನ, ತಡ ಮಾಡುವ ಏರ್ಪಾಟು ತಿರುಗುಮುರುಗು. ಇಬ್ಬರೂ ದಡ್ಡರು, ಯಾರೂ ರೈಲು ನೋಡಿಲ್ಲ, ಆದರೂ ದಿಕ್ಕು ಸಿಕ್ಕಿತು.

ನೊಣದ ಕಣ್ಣಿನ ಹಿಂದೆ ನಡೆಯೋದು ಹೆಚ್ಚುಕಡಿಮೆ ಇದೇ, ನಿಮಿಷದ ಬದಲು ಸೆಕೆಂಡಿನ ನೂರನೇ ಭಾಗಗಳಲ್ಲಿ. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಜರ್ಮನಿಯ ಇಬ್ಬರು, ಜೀವವಿಜ್ಞಾನಿ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ಭೌತವಿಜ್ಞಾನಿ ವೆರ್ನರ್ ರೈಖಾರ್ಟ್, 1956ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಗೆಳೆಯರಾದವರು. ಅವರು ಮಾಡಿದ ಪ್ರಯೋಗ ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ, ಅಷ್ಟು ಕಡಿಮೆ ಸಾಮಾನಿನಲ್ಲಿ ಅಷ್ಟು ದೊಡ್ಡ ಕೆಲಸ. ಮೂತಿ ಉದ್ದ ಇರುವ ಒಂದು ಜಾತಿಯ ದುಂಬಿಯನ್ನು ಬೆನ್ನಿಗೆ ಅಂಟಿಸಿ ಗಾಳಿಯಲ್ಲಿ ನಿಲ್ಲಿಸಿದರು. ಅದರ ಕಾಲಿಗೆ ಹುಲ್ಲುಕಡ್ಡಿಯಲ್ಲಿ ಮಾಡಿದ ಒಂದು ಹಗುರ ಚೆಂಡು ಕೊಟ್ಟರು. ಚೆಂಡಿನಲ್ಲಿ ಎಲ್ಲೆಲ್ಲೂ ಕವಲು. ದುಂಬಿ ತಾನು ಕಡ್ಡಿಯ ಮೇಲೆ ನಡೆಯುತ್ತಿದ್ದೇನೆ ಅಂದುಕೊಂಡು ಚೆಂಡನ್ನು ಉರುಳಿಸುತ್ತದೆ, ಪ್ರತಿ ಕವಲಿನಲ್ಲೂ ಎಡಕ್ಕೋ ಬಲಕ್ಕೋ ಅಂತ ಆರಿಸಬೇಕು. ಸುತ್ತ ಪಟ್ಟೆಪಟ್ಟೆಯ ಒಂದು ಡ್ರಮ್ಮು ತಿರುಗಿಸಿದರೆ ದುಂಬಿ ಅದು ತಿರುಗಿದ ಕಡೆಗೇ ಹೋಗುತ್ತದೆ. ಎಷ್ಟು ಸಲ ಎಡ, ಎಷ್ಟು ಸಲ ಬಲ ಅಂತ ಕೂತು ಎಣಿಸಿದರು. ಆ ಎಣಿಕೆಯಿಂದಲೇ, ತಲೆಯೊಳಗೆ ಒಂದು ತಂತಿಯನ್ನೂ ಹಾಕದೆ, ಪಕ್ಕದ ಎರಡು ಚುಕ್ಕೆಗಳ ಸುದ್ದಿಯಲ್ಲಿ ಒಂದನ್ನು ತಡ ಮಾಡಿ ಇನ್ನೊಂದರ ಜೊತೆ ಗುಣಿಸುವ ಲೆಕ್ಕ ಒಳಗೆ ನಡೆಯುತ್ತಿದೆ ಅಂತ ಕಂಡುಹಿಡಿದರು.

ಆ ಲೆಕ್ಕ ಮಾಡುವ ಜೀವಕೋಶಗಳು ಯಾವುವು ಅಂತ ಗೊತ್ತಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು. 2013ರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಬೋರ್ಸ್ಟ್ ಅವರ ತಂಡ ಹಣ್ಣಿನ ನೊಣದಲ್ಲಿ ಅವನ್ನು ತೋರಿಸಿತು. ಹಣ್ಣಿನ ನೊಣ ಅಂದರೆ ಬಾಳೆಹಣ್ಣು ಕೊಳೆತಾಗ ಮುಕುರುವ ಆ ಪುಟ್ಟ ಹುಳ. ಟಿ-4 ಮತ್ತು ಟಿ-5 ಅಂತ ಆ ಕೋಶಗಳ ಹೆಸರು. ಟಿ-4 ಬೆಳಕಿನ ಅಂಚು ಸರಿದರೆ ಹೇಳುತ್ತದೆ, ಟಿ-5 ಕತ್ತಲ ಅಂಚು ಸರಿದರೆ ಹೇಳುತ್ತದೆ. ಒಂದೊಂದರಲ್ಲೂ ನಾಲ್ಕು ಬಗೆ: ಮೇಲೆ, ಕೆಳಗೆ, ಹಿಂದೆ, ಮುಂದೆ. ಆ ಹುಳದ ಇಡೀ ಮಿದುಳಿನ ನಕ್ಷೆ 2024ರಲ್ಲಿ ಪೂರ್ತಿಯಾಯಿತು, ಒಟ್ಟು ಸುಮಾರು 1,40,000 ನರಕೋಶಗಳು. ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ.

ಇಷ್ಟರಿಂದ ದಿಕ್ಕು ಗೊತ್ತಾಯಿತು. ಆದರೆ ಏಟು ತಪ್ಪಿಸಿಕೊಳ್ಳಲು ದಿಕ್ಕು ಸಾಲದು. ಪಕ್ಕದಲ್ಲಿ ಹಾದುಹೋಗುವುದಕ್ಕೂ ಮೈಮೇಲೆ ಬರುವುದಕ್ಕೂ ವ್ಯತ್ಯಾಸ ಗೊತ್ತಾಗಬೇಕು.

ನೀವು ಹುಮನಾಬಾದ್ ರಸ್ತೆಯ ಬದಿಯಲ್ಲಿ ನಿಂತಿದ್ದೀರಿ ಅಂತ ಅಂದುಕೊಳ್ಳಿ. ಅರ್ಧ ಕಿಲೋಮೀಟರ್ ದೂರದಿಂದ ಒಂದು ಬಸ್ಸು ನೆಟ್ಟಗೆ ನಿಮ್ಮ ಕಡೆಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಬಸ್ಸಿನ ಅಗಲ ಎರಡೂವರೆ ಮೀಟರ್. ಅಷ್ಟು ದೂರದಲ್ಲಿ ಅದು ಕಣ್ಣಿಗೆ ಕಾಲು ಡಿಗ್ರಿಯಷ್ಟು ಅಗಲ. ಅರ್ಧ ದಾರಿ ಬರಲು 15 ಸೆಕೆಂಡು ಬೇಕು, ಆ ಪೂರಾ 15 ಸೆಕೆಂಡಿನಲ್ಲಿ ಅದು ಬೆಳೆಯುವುದು ಇನ್ನೊಂದು ಕಾಲು ಡಿಗ್ರಿ ಮಾತ್ರ. ನಿಂತೇ ಇದೆ ಅನ್ನಿಸುತ್ತದೆ, ಅಲ್ವಾ? ಈಗ ಅದು 10 ಮೀಟರ್ ದೂರದಲ್ಲಿದೆ ಅನ್ನಿ, 14 ಡಿಗ್ರಿ. ಅಲ್ಲಿಂದ 5 ಮೀಟರಿಗೆ ಬರಲು ಸೆಕೆಂಡಿನ ಮೂರರಲ್ಲಿ ಒಂದು ಭಾಗವೂ ಬೇಡ, ಅಷ್ಟರಲ್ಲಿ ಅದು 28 ಡಿಗ್ರಿ ಆಗಿರುತ್ತದೆ. ದೂರ ಅರ್ಧ ಆದಾಗಲೆಲ್ಲ ಅಗಲ ಎರಡರಷ್ಟು. ಮೊದಲು ತೆಪ್ಪಗಿದ್ದದ್ದು ಕೊನೆಯ ಗಳಿಗೆಯಲ್ಲಿ ಕಣ್ಣಿನ ತುಂಬ ಸಿಡಿದು ಹರಡುತ್ತದೆ. ಈ ಸಿಡಿತವೇ ನೊಣಕ್ಕೆ ಸುದ್ದಿ.

ಇದರಲ್ಲಿ ಒಂದು ಸೊಗಸಿದೆ. ಈಗ ಎಷ್ಟು ದೊಡ್ಡದಿದೆ ಅನ್ನೋದನ್ನು ಎಷ್ಟು ಬೇಗ ಬೆಳೆಯುತ್ತಿದೆ ಅನ್ನೋದರಿಂದ ಭಾಗಿಸಿದರೆ ಡಿಕ್ಕಿಗೆ ಇನ್ನು ಎಷ್ಟು ಹೊತ್ತಿದೆ ಅನ್ನೋದು ಸಿಗುತ್ತದೆ. ಬಂದದ್ದು ಬಸ್ಸೋ ಅಂಗೈಯೋ, ಎಷ್ಟು ದೂರದಲ್ಲಿದೆ, ಎಷ್ಟು ವೇಗ, ಯಾವುದೂ ಗೊತ್ತಿರಬೇಕಿಲ್ಲ. ಬದುಕಲು ಬೇಕಾದದ್ದು ಹೊತ್ತು, ಅದು ಎರಡು ಮಸುಕು ಅಳತೆಗಳಿಂದಲೇ ಸಿಕ್ಕಿಬಿಡುತ್ತದೆ.

ಇದಕ್ಕಾಗಿಯೇ ಮೀಸಲಾದ ನರಕೋಶ ಮಿಡತೆಯಲ್ಲಿದೆ. 2020ರಲ್ಲಿ ಮರುಭೂಮಿ ಮಿಡತೆಯ ಹಿಂಡು ವಿದರ್ಭದವರೆಗೆ ಬಂದಾಗ ಬೀದರ್, ಕಲಬುರಗಿ ಕಡೆ ರೈತರು ಎಷ್ಟು ಹೆದರಿದ್ದರು ಅಂತ ನಿಮಗೆ ನೆನಪಿರಬಹುದು. ನಮ್ಮ ಕಡೆ ಬರಲಿಲ್ಲ, ಪುಣ್ಯ. ಆ ಮಿಡತೆಯ ತಲೆಯಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡು ದೈತ್ಯ ನರಕೋಶಗಳಿವೆ. ಒಂದು ಕಣ್ಣಿನ ಸಾವಿರಾರು ಚುಕ್ಕೆಗಳ ಸುದ್ದಿ ಒಂದೊಂದಕ್ಕೆ ಬಂದು ಸೇರುತ್ತದೆ. ಎದುರಿನಿಂದ ಬರುವ ವಸ್ತು ಹಿಗ್ಗಿದಷ್ಟೂ ಆ ನರಕೋಶದ ಮಿಡಿತ, ಅಂದರೆ ಅದು ಕಳಿಸುವ ವಿದ್ಯುತ್ ಸಂಕೇತ, ಏರುತ್ತದೆ, ಬಡಿಯುವ ಮುಂಚೆಯೇ ತುದಿ ಮುಟ್ಟುತ್ತದೆ. ಅದೇ ವಸ್ತು ದೂರ ಹೋದರೆ ಸುಮ್ನೆ ಒಂದೆರಡು ಸಲ ಮಿಡಿದು ತಣ್ಣಗಾಗುತ್ತದೆ.

ಹಿಗ್ಗುವುದನ್ನೇ ಅದು ಹೇಗೆ ಆರಿಸಿ ಹಿಡಿಯುತ್ತದೆ? ಬೆಳಕು ಬದಲಾದ ಪ್ರತಿ ಚುಕ್ಕೆ ಆ ದೊಡ್ಡ ಕೋಶಕ್ಕೆ ಕೂಗು ಹಾಕುತ್ತದೆ, ಜೊತೆಗೇ ಅಕ್ಕಪಕ್ಕದ ಚುಕ್ಕೆಗಳಿಗೆ ಸುಮ್ಮನಿರಿ ಅನ್ನುವ ತಡೆಯೂ ಹರಡುತ್ತದೆ. ತಡೆ ಹರಡಲು ಸ್ವಲ್ಪ ಹೊತ್ತು ಬೇಕು. ವಸ್ತು ನಿಧಾನ ಸರಿದರೆ ತಡೆ ಮುಂದೆ ಹೋಗಿ ಕೂಗನ್ನು ಅಡಗಿಸುತ್ತದೆ. ವೇಗವಾಗಿ ಹಿಗ್ಗುವ ಅಂಚಾದರೆ ತಡೆಗಿಂತ ಮುಂದೆ ಓಡುತ್ತದೆ. ಅಂಚು ಉದ್ದವಾದಷ್ಟೂ ಕೂಗುವ ಚುಕ್ಕೆಗಳೂ ಜಾಸ್ತಿ. ಹೊಲಕ್ಕೆ ಬೆಂಕಿ ಬಿದ್ದಾಗ ಸುತ್ತ ನೆಲ ಕೆರೆದು ತಡೆಯಲು ಓಡುವ ಜನ ಮತ್ತು ಗಾಳಿಗೆ ಹಬ್ಬುವ ಬೆಂಕಿ, ಇವೆರಡರ ನಡುವಿನ ಓಟ ನೆನೆಸಿಕೊಳ್ಳಿ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಕ್ಲೇರ್ ರಿಂಡ್ ಮತ್ತು ಪೀಟರ್ ಸಿಮನ್ಸ್ 1992ರಲ್ಲಿ ಮಿಡತೆಗೆ ಬಾಹ್ಯಾಕಾಶ ನೌಕೆಗಳು ಎದುರಿಗೆ ನುಗ್ಗುವ ಒಂದು ಹಾಲಿವುಡ್ ಸಿನಿಮಾದ ತುಣುಕು ತೋರಿಸಿ ಈ ಕೋಶದ ಮಿಡಿತ ಅಳೆದರು. ಜನ ನಕ್ಕರು, 2005ರಲ್ಲಿ ಅದಕ್ಕೆ ಇಗ್ ನೊಬೆಲ್ ಬಹುಮಾನವೂ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನನ್ನ ಲೆಕ್ಕದಲ್ಲಿ ಅದು ಭಾಳ ಜಾಣ ಪ್ರಯೋಗ. ನೌಕೆ ಮಿಡತೆ ಎಂದೂ ಕಂಡಿರದ ವಸ್ತು. ಅದಕ್ಕೂ ಕೋಶ ಮಿಡಿಯಿತು ಅಂದರೆ ಏನು ಬರುತ್ತಿದೆ ಅನ್ನೋದು ಅದಕ್ಕೆ ಲೆಕ್ಕಕ್ಕಿಲ್ಲ, ಹಿಗ್ಗುವುದಷ್ಟೇ ಲೆಕ್ಕ. ಹಾರುತ್ತಿರುವ ಮಿಡತೆಗೆ ಈ ಮಿಡಿತ ಮುಟ್ಟಿದರೆ ರೆಕ್ಕೆ ಬಡಿಯೋದು ನಿಲ್ಲಿಸಿ, ಎತ್ತಿ ಹಿಡಿದು, ಕಲ್ಲಿನ ಹಾಗೆ ಕೆಳಗಿಳಿಯುತ್ತದೆ. ಎದುರಿಗೆ ಹಕ್ಕಿ ಬಂದರೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಹಣ್ಣಿನ ನೊಣದಲ್ಲಿ ಇದೇ ಕೆಲಸಕ್ಕೆ ಬೇರೆ ಬಗೆಯ ಕೋಶಗಳಿವೆ. ಒಂದೊಂದಕ್ಕೂ ನಾಲ್ಕು ದಿಕ್ಕಿಗೆ ನಾಲ್ಕು ಕೊಂಬೆ. ಮೇಲಿನದು ಮೇಲಕ್ಕೆ ಸರಿದದ್ದನ್ನು, ಕೆಳಗಿನದು ಕೆಳಕ್ಕೆ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಸರಿದದ್ದನ್ನು ಮಾತ್ರ ಕೇಳುತ್ತದೆ. ನಾಲ್ಕೂ ಕಡೆಯಿಂದ ಒಟ್ಟಿಗೆ ಹೌದು ಅಂತ ಬಂದರೆ ಮಧ್ಯದಿಂದ ಏನೋ ಹಿಗ್ಗುತ್ತಿದೆ ಅಂತಲೇ ಅರ್ಥ.

ಸುದ್ದಿ ಬಂದ ಮೇಲೆ ನೊಣ ಏನು ಮಾಡುತ್ತೆ ಅನ್ನೋದು ನಿಮ್ಮ ಮಗಳಿಗೆ ಇಷ್ಟವಾಗಬಹುದು. 2008ರಲ್ಲಿ ಗ್ವಿನೆತ್ ಕಾರ್ಡ್ ಮತ್ತು ಮೈಕಲ್ ಡಿಕಿನ್ಸನ್ ಕ್ಯಾಲಿಫೋರ್ನಿಯಾದಲ್ಲಿ ಹಣ್ಣಿನ ನೊಣವನ್ನು ಅತಿ ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದರು. ಹಾರುವುದಕ್ಕೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಮುಂಚೆಯೇ ಅದು ಕಾಲು ಹೊಂದಿಸಿಕೊಳ್ಳಲು ಶುರು ಮಾಡುತ್ತದೆ. ಏಟು ಮುಂದಿನಿಂದ ಬಂದರೆ ನಡುವಿನ ಕಾಲುಗಳನ್ನು ಮುಂದಿಟ್ಟು ಮೈಯನ್ನು ಹಿಂದಕ್ಕೆ ವಾಲಿಸಿ ಹಿಂದೆ ನೆಗೆಯುತ್ತದೆ. ಹಿಂದಿನಿಂದ ಬಂದರೆ ಕಾಲನ್ನು ಹಿಂದೆ ಸರಿಸಿ ಮುಂದೆ ನೆಗೆಯುತ್ತದೆ. ನೀವು ಕೈ ಇಳಿಸುವ ಹೊತ್ತಿಗೆ ಅದರ ದಾರಿ ಆಗಲೇ ನಿಶ್ಚಯ ಆಗಿರುತ್ತದೆ. ಹಾಗಾಗಿ ಹೊಡೆಯಲೇಬೇಕಾದರೆ ನೊಣ ಕೂತ ಜಾಗಕ್ಕೆ ಗುರಿ ಇಡಬೇಡಿ, ಅದು ನೆಗೆಯುವ ಜಾಗಕ್ಕೆ ಇಡಿ. ಇಲ್ಲವೇ ಭಾಳ ನಿಧಾನ ಕೈ ತೆಗೆದುಕೊಂಡು ಹೋಗಿ. ನಮ್ಮ ವಾಡಿಯ ಕಾರಕೂನನಿಗೆ 10 ನಿಮಿಷದ ರೈಲು ಗೊತ್ತು. ಎರಡು ತಾಸು ತೆವಳುವ ಗೂಡ್ಸ್ ಗಾಡಿ ಬಂದರೆ ಅವನ ಗಂಟೆ ಬಾರಿಸಲ್ಲ. ನಿಧಾನ ಕೈಗೆ ನೊಣ ಕೂತೇ ಇರೋದು ಇದರಿಂದ. ಹಾರುತ್ತಿರುವಾಗಲೂ ಅದು ಕಡಿಮೆ ಇಲ್ಲ. ರೆಕ್ಕೆಯನ್ನು ಸೆಕೆಂಡಿಗೆ ಸುಮಾರು 200 ಸಲ ಬಡಿಯುತ್ತದೆ, ಅಪಾಯ ಕಂಡರೆ ಕೆಲವೇ ಬಡಿತದಲ್ಲಿ ಫೈಟರ್ ವಿಮಾನದ ಹಾಗೆ ಮೈಯನ್ನು ಅಡ್ಡ ವಾಲಿಸಿ ತಿರುಗಿಬಿಡುತ್ತದೆ. ಬೀದರಿನ ವಾಯುಪಡೆ ನೆಲೆಯ ವಿಮಾನ ಆಕಾಶದಲ್ಲಿ ವಾಲುವುದನ್ನು ನೀವು ನೋಡಿದ್ದರೆ ಅದೇ ತಿರುವು.

ಇಲ್ಲಿವರೆಗೆ ಹೇಳಿದ್ದು ಬೇರೆಯದು ಮೇಲೆ ಬಂದರೆ ಏನು ಮಾಡುತ್ತೆ ಅಂತ. ಹುಳ ತಾನೇ ಹಾರುವಾಗ ಗೋಡೆ, ಕೊಂಬೆ, ಕಂಬಕ್ಕೆ ಬಡಿಯದೆ ಹೋಗೋದು ಇನ್ನೊಂದು ಕತೆ. ಕಲಬುರಗಿಯಿಂದ ಯಾದಗಿರಿಗೆ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಹಳಿಯ ಬದಿಯ ಜಾಲಿ ಗಿಡ ಸರ್ರನೆ ಹಿಂದೆ ಓಡುತ್ತದೆ, ತೊಗರಿ ಹೊಲ ಸಾವಕಾಶ ಸರಿಯುತ್ತದೆ, ದೂರದ ಗುಡ್ಡ ನಿಂತಲ್ಲೇ ನಿಂತಿರುತ್ತದೆ. ಹತ್ತಿರದ್ದು ಬೇಗ, ದೂರದ್ದು ನಿಧಾನ. ಹುಳಕ್ಕೆ ದೂರ ಅಳೆಯುವ ಪಟ್ಟಿ ಇದೇ. ನಮ್ಮ ಹಾಗೆ ಎರಡು ಕಣ್ಣಿನ ಚಿತ್ರ ಹೋಲಿಸಿ ದೂರ ಅಳೆಯೋಣ ಅಂದರೆ ಅದರ ಎರಡು ಕಣ್ಣಿನ ನಡುವೆ ಜಾಗವೇ ಇಲ್ಲ.

ಇದನ್ನು ಜೇನುಹುಳದಲ್ಲಿ ತೋರಿಸಿಕೊಟ್ಟವರಲ್ಲಿ ಮುಖ್ಯವಾದವರು ಮಂಡ್ಯಂ ಶ್ರೀನಿವಾಸನ್. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಆಮೇಲೆ ಆಸ್ಟ್ರೇಲಿಯಾದಲ್ಲಿ ನೆಲೆಸಿ ಜೇನಿನ ಕಣ್ಣಿನ ಮೇಲೆ ಬದುಕು ಕಳೆದವರು. ನಾನು ವಿದ್ಯಾರ್ಥಿ ಆಗಿದ್ದಾಗ ಅವರ ಪ್ರಯೋಗ ಓದಿಯೇ ಈ ದಾರಿಗೆ ಬಂದದ್ದು. ಅವರ ಕೆಲಸ ವಿವರಿಸಬೇಕಾದರೆ ಹುಡುಗರನ್ನು ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ಕರೆದುಕೊಂಡು ಹೋಗುತ್ತೇನೆ. 1367ರಲ್ಲಿ ಕಟ್ಟಿದ್ದು, ಪೂರಾ ಮಾಡು ಹೊದಿಸಿದ ಮಸೀದಿ, ಒಳಗೆ ಕಮಾನಿನ ಸಾಲು ಸಾಲು. ಎರಡು ಸಾಲಿನ ನಡುವೆ ನೆಟ್ಟಗೆ ನೋಡುತ್ತ ನಡೆಯಲು ಹೇಳುತ್ತೇನೆ. ಎಡಗಡೆಗೆ ಜಾಸ್ತಿ ಸರಿದರೆ ಎಡದ ಕಂಬಗಳು ಬೇಗ ಬೇಗ ಹಿಂದೆ ಹೋಗುತ್ತವೆ, ಬಲದವು ನಿಧಾನ. ಎರಡೂ ಸಮ ವೇಗದಲ್ಲಿ ಸರಿಯುವ ಹಾಗೆ ನಡೆದರೆ ನೀವು ನಟ್ಟನಡುವೆ ಇರುತ್ತೀರಿ. ಜೇನು ಇದನ್ನೇ ಮಾಡುತ್ತದೆ. ಕಿರಿದಾದ ಸುರಂಗದಲ್ಲಿ ಅದು ನಡುವೆ ಹಾರುತ್ತದೆ. ಒಂದು ಗೋಡೆಯ ಪಟ್ಟೆಗಳನ್ನು ಅದು ಹಾರುವ ಕಡೆಗೇ ಓಡಿಸಿದರೆ ಆ ಗೋಡೆ ನಿಧಾನ ಸರಿದಂತೆ ಕಾಣುತ್ತದೆ, ಜೇನು ಅದು ದೂರ ಇದೆ ಅಂದುಕೊಂಡು ಆ ಕಡೆಗೇ ವಾಲುತ್ತದೆ. 1989ರಲ್ಲಿ ವೋಲ್ಫ್‌ಗಾಂಗ್ ಕಿರ್ಷ್ನರ್ ಜೊತೆ ಅವರು ಇದನ್ನು ತೋರಿಸಿದರು.

ಆಮೇಲೆ ಇನ್ನೂ ಮಜವಾದದ್ದು ಬಂತು. ಜೇನು ಹೂವು ಇರುವ ದೂರವನ್ನು ಗೂಡಿನಲ್ಲಿ ಕುಣಿದು ಹೇಳುತ್ತದೆ ಅಂತ ಕಾರ್ಲ್ ಫಾನ್ ಫ್ರಿಶ್ ಕಂಡುಹಿಡಿದದ್ದು ಶಾಲೆ ಪುಸ್ತಕದಲ್ಲೂ ಬರುತ್ತದೆ. ಆ ದೂರವನ್ನು ಅದು ಹೇಗೆ ಅಳೆಯುತ್ತದೆ? ಶ್ರೀನಿವಾಸನ್ ತಂಡ 2000ದಲ್ಲಿ ಜೇನನ್ನು ಸುಮಾರು 6 ಮೀಟರ್ ಉದ್ದದ, ಒಳಗೆಲ್ಲ ಚಿತ್ತಾರ ಇರುವ ಕಿರಿದಾದ ಸುರಂಗದಲ್ಲಿ ಹಾಯಿಸಿತು. ಗೋಡೆ ಹತ್ತಿರ, ಹಾಗಾಗಿ ಚಿತ್ತಾರ ಭರಭರ ಸರಿಯುತ್ತದೆ. ಗೂಡಿಗೆ ಮರಳಿದ ಜೇನು ತಾನು ಹಾರಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದೂರ ಹೋಗಿದ್ದೆ ಅಂತ ಕುಣಿಯಿತು. ಚಿತ್ತಾರ ತೆಗೆದು ಸುರಂಗದ ಉದ್ದಕ್ಕೂ ನೇರ ಪಟ್ಟೆ ಎಳೆದರೆ, ಹಾರುವಾಗ ಸರಿಯುವುದು ಏನೂ ಇಲ್ಲ, ಅದೇ 6 ಮೀಟರಿಗೆ ಜೇನು ಹೂವು ಇಲ್ಲೇ ಪಕ್ಕದಲ್ಲಿದೆ ಅಂತ ಕುಣಿಯಿತು. ಇಳಿಯುವಾಗಲೂ ಇದೇ ಉಪಾಯ. ನೆಲ ಕಣ್ಣಿನಲ್ಲಿ ಒಂದೇ ವೇಗದಲ್ಲಿ ಸರಿಯುವ ಹಾಗೆ ನೋಡಿಕೊಳ್ಳುತ್ತದೆ. ಕೆಳಗೆ ಬಂದಷ್ಟೂ ನೆಲ ಬೇಗ ಸರಿಯಬೇಕು, ಹಾಗೆ ಬೇಗ ಸರಿಯದಿರಬೇಕಾದರೆ ಜೇನು ತನ್ನ ವೇಗ ತಗ್ಗಿಸಲೇಬೇಕು. ನೆಲ ಮುಟ್ಟುವ ಹೊತ್ತಿಗೆ ವೇಗ ತಾನಾಗಿ ಇಳಿದಿರುತ್ತದೆ.

ಒಂದು ತೊಡಕಿದೆ. ಹಾರುವವನು ತಿರುಗಿದರೆ ಹತ್ತಿರದ್ದೂ ದೂರದ್ದೂ ಒಂದೇ ವೇಗದಲ್ಲಿ ಸರಿಯುತ್ತವೆ, ದೂರದ ಲೆಕ್ಕ ಕೆಡುತ್ತದೆ. ಮಧ್ಯಾಹ್ನ ಪಡಸಾಲೆಯ ನಡುವೆ ನೊಣಗಳು ನೇರ ಹೋಗಿ, ಥಟ್ಟನೆ ತಿರುಗಿ, ಮತ್ತೆ ನೇರ ಹೋಗುವುದನ್ನು ನೋಡಿದ್ದೀರಲ್ಲ? ದುಂಡಗೆ ತಿರುಗದೆ ಮೂಲೆ ಮೂಲೆಯಾಗಿ ತಿರುಗುತ್ತವೆ. ಕಣ್ಣು ಕೆಲಸ ಮಾಡುವುದು ನೇರ ಹಾರುವಾಗ, ತಿರುಗುವುದನ್ನು ಕಣ್ಣು ಮಿಟುಕಿಸುವಷ್ಟರೊಳಗೆ ಮುಗಿಸಿಬಿಡುತ್ತವೆ. ತಿರುಗಿದ್ದರ ಲೆಕ್ಕ ಇಡಲು ನೊಣಕ್ಕೆ ರೆಕ್ಕೆಯ ಹಿಂದೆ ಪುಟ್ಟ ತಮಟೆ ಕೋಲಿನಂಥ ಎರಡು ಅಂಗಗಳಿವೆ. ಹಿಂದಿನ ಜೋಡಿ ರೆಕ್ಕೆಗಳೇ ಹಾಗೆ ಆಗಿವೆ.

ಇನ್ನು ಹಿಂಡಿನ ಪ್ರಶ್ನೆ. ಮಳೆ ನಿಂತ ಮೇಲೆ ನಿಮ್ಮ ಹೊಲದ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಗಳಿಗೆ ಕಣ್ಣೇ ತಲೆಯ ಮುಕ್ಕಾಲು ಪಾಲು. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹಾರುವ ಜೊತೆಗಾರ ಕಣ್ಣಿನಲ್ಲಿ ಹಿಗ್ಗುವುದೇ ಇಲ್ಲ, ಹಾಗಾಗಿ ಅವನಿಂದ ಗಾಬರಿ ಇಲ್ಲ. ಅಡ್ಡ ಬಂದವನು ಮಾತ್ರ ಹಿಗ್ಗುತ್ತಾನೆ, ಅವನಿಂದ ಮಾತ್ರ ಸರಿದರೆ ಸಾಕು. ನೂರು ಜನರ ಮೇಲೆ ಕಣ್ಣಿಡಬೇಕಿಲ್ಲ.

ಈಗ ಬೈಕಿಗೆ ಬರೋಣ. ಗಂಟೆಗೆ 60ರ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನೀವು ಹುಳದ ಕಣ್ಣಿನಲ್ಲಿ 10 ಡಿಗ್ರಿ ಅಗಲ ಆಗುವ ಹೊತ್ತಿಗೆ ಎರಡೂವರೆ ಮೀಟರ್ ಹತ್ತಿರ ಬಂದಿರುತ್ತೀರಿ, ಉಳಿದದ್ದು ಸೆಕೆಂಡಿನ ಆರೇಳನೇ ಒಂದು ಭಾಗ. ಬೀಸಿದ ಅಂಗೈಯಿಂದ ತಪ್ಪಿಸಿಕೊಳ್ಳಲು ನೊಣಕ್ಕೆ ಸಿಗುವ ಹೊತ್ತೂ ಇದಕ್ಕಿಂತ ಭಾಳ ಜಾಸ್ತಿ ಏನಲ್ಲ. ವ್ಯತ್ಯಾಸ ಇರೋದು ಅಗಲದಲ್ಲಿ. ಅಂಗೈಯಿಂದ ಪಾರಾಗಲು ನಾಲ್ಕು ಬೆರಳು ಸರಿದರೆ ಸಾಕು. ನಿಮ್ಮ ತಲೆ, ಭುಜ, ಬೈಕಿನ ಹ್ಯಾಂಡಲ್ ಎಲ್ಲ ದಾಟಲು ಮೊಳದುದ್ದ ಸರಿಯಬೇಕು, ಅಷ್ಟು ಹೊತ್ತಿಲ್ಲ. ಅದರ ಲೆಕ್ಕ ತಪ್ಪಿಲ್ಲ, ಮೈಗೆ ಅಷ್ಟು ದೂರ ಹೋಗಲು ಆಗಲಿಲ್ಲ. ಅದರ ಕಣ್ಣು ರೂಪುಗೊಂಡದ್ದು ಹಕ್ಕಿ, ಓತಿಕ್ಯಾತ, ಕಪ್ಪೆಯ ನಾಲಿಗೆ ಇವುಗಳಿಗೆ. ಬೈಕು, ಕಾರು ಆ ವೇಗದಲ್ಲಿ ರಸ್ತೆಯ ಮೇಲೆ ಓಡಾಡಲು ಶುರುವಾಗಿ ನೂರು ಚಿಲ್ಲರೆ ವರ್ಷ ಆಗಿದೆ ಅಷ್ಟೇ. ಸಂಜೆ ಜಾಸ್ತಿ ಬಡಿಯೋದಕ್ಕೆ ಇನ್ನೊಂದು ಕಾರಣವೂ ಇದೆ. ಬೆಳಕು ಕಡಿಮೆ ಆದಾಗ ಕಣ್ಣು ಇದ್ದಷ್ಟು ಬೆಳಕನ್ನು ಕೂಡಿಸಿಕೊಳ್ಳಲು ನಿಧಾನವಾಗುತ್ತದೆ, ಚುರುಕು ಕಮ್ಮಿಯಾಗುತ್ತದೆ. ಮೇಲಿಂದ ಹೆಡ್‌ಲೈಟ್.

ಲೈಟಿನ ವಿಷಯಕ್ಕೆ ಇತ್ತೀಚೆಗಷ್ಟೇ ಒಳ್ಳೆ ಉತ್ತರ ಸಿಕ್ಕಿದೆ. ಹುಳ ದೀಪವನ್ನು ಚಂದ್ರ ಅಂದುಕೊಳ್ಳುತ್ತದೆ, ಬೆಳಕಿಗೆ ಮೋಹಗೊಳ್ಳುತ್ತದೆ ಅಂತೆಲ್ಲ ಹೇಳುತ್ತಿದ್ದರು. 2024ರಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಜೊತೆಗಾರರು ವೇಗದ ಕ್ಯಾಮೆರಾದಲ್ಲಿ ನೋಡಿದಾಗ ಕಂಡದ್ದು ಬೇರೆ. ಹುಳ ದೀಪದ ಕಡೆಗೆ ಹಾರುತ್ತಿಲ್ಲ, ದೀಪಕ್ಕೆ ಬೆನ್ನು ಕೊಡುತ್ತಿದೆ. ಕೋಟಿ ವರ್ಷಗಳಿಂದ ರಾತ್ರಿಯೂ ಆಕಾಶ ನೆಲಕ್ಕಿಂತ ಬೆಳಕು, ಹಾಗಾಗಿ ಬೆಳಕಿನ ಕಡೆ ಬೆನ್ನು ಇದ್ದರೆ ಹೊಟ್ಟೆ ನೆಲದ ಕಡೆ ಅಂತಲೇ ಅರ್ಥ. ಪಕ್ಕದಲ್ಲಿ ದೀಪ ಬಂದರೆ ಹುಳ ಅದಕ್ಕೆ ಬೆನ್ನು ಹಾಕಲು ವಾಲುತ್ತದೆ, ವಾಲಿದರೆ ತಿರುಗುತ್ತದೆ, ತಿರುಗಿದರೆ ಮತ್ತೆ ವಾಲುತ್ತದೆ, ಸುತ್ತು ಮುಗಿಯುವುದಿಲ್ಲ. ದೀಪ ಕೆಳಗಿದ್ದರೆ ಅಂಗಾತ ಆಗಿ ಬೀಳುತ್ತದೆ. ಅದಕ್ಕೇ ನಿಮ್ಮಂಥವರಿಗೆ ಒಂದು ಮಾತು: ಕೊಟ್ಟಿಗೆ, ಅಂಗಳದ ದೊಡ್ಡ ಎಲ್‌ಇಡಿಗಳನ್ನು ರಾತ್ರಿಯಿಡೀ ಉರಿಸಬೇಡಿ. ಕಾಯಿಕೊರಕದ ಪತಂಗ ಹಿಡಿಯಲು ಬೆಳಕಿನ ಬಲೆ ಇಟ್ಟಿದ್ದರೆ ಅದು ಬೇರೆ, ಅದಕ್ಕೊಂದು ಕೆಲಸ ಇದೆ. ಸುಮ್ನೆ ಉರಿಯುವ ದೀಪ ಬೆಳೆಗೆ ಬೇಕಾದ ಹುಳವನ್ನೂ ಸುತ್ತಿಸಿ ಕೊಲ್ಲುತ್ತದೆ.

ಗಾಜಿನದ್ದು ಎರಡೇ ಮಾತು. ಚೊಕ್ಕ ಗಾಜಿನಲ್ಲಿ ಅಂಚಿಲ್ಲ, ಗೆರೆಯಿಲ್ಲ, ಕಲೆಯಿಲ್ಲ. ಸರಿಯಲು ಏನೂ ಇಲ್ಲ, ಹಿಗ್ಗಲು ಏನೂ ಇಲ್ಲ. ಗಾಜಿನ ಆಚೆಯ ಮರ ದೂರ ಇದೆ, ನಿಧಾನ ಸರಿಯುತ್ತಿದೆ, ಅಂದರೆ ದಾರಿ ಖಾಲಿ ಇದೆ. ಎರಡು ಕಾವಲುಗಾರರೂ ಏನೂ ಹಾದುಹೋಗಲಿಲ್ಲ ಅಂತಲೇ ಹೇಳಿದರೆ ಕಾರಕೂನ ಏನು ಮಾಡಬೇಕು? ಜೇಡನ ಬಲೆಯೂ ಹೀಗೇ, ಎಳೆ ಅಷ್ಟು ಸಣ್ಣ, ಒಂದು ಚುಕ್ಕೆಯ ಬೆಳಕನ್ನೂ ಬದಲಿಸಲ್ಲ.

ನಿಮ್ಮ ಮಗಳಿಗೆ ಎರಡು ಕೆಲಸ ಹೇಳಿ. ಹೊಲದಲ್ಲಿ ಹಸಿರು ಮಿಡತೆ ಸಿಕ್ಕರೆ ಹಿಡಿಯದೆ ಸ್ವಲ್ಪ ದೂರ ಕೂತು ನೋಡಲಿ. ಒಂದು ಎಲೆಯಿಂದ ಇನ್ನೊಂದಕ್ಕೆ ಜಿಗಿಯುವ ಮುಂಚೆ ಕೆಲವು ಸಲ ಅದು ಮೈಯನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ. ರೈಲಿನ ಕಿಟಕಿಯ ಆಟ ಅದು ಕೂತಲ್ಲೇ ಆಡುವುದು ಹಾಗೆ, ತೂಗಿದಾಗ ಎಲೆ ಎಷ್ಟು ಸರಿಯಿತು ಅನ್ನೋದರಿಂದ ಜಿಗಿತದ ದೂರ ಅಳೆಯುತ್ತದೆ. ಇನ್ನೊಂದು, ಒಂದು ನೊಣವನ್ನು ಗಾಜಿನ ಲೋಟದೊಳಗೆ ಬಿಟ್ಟು ಬಾಯಿ ಮುಚ್ಚಿ. ಬಿಳಿ ಹಾಳೆಗೆ ಬೆರಳಗಲದ ಕಪ್ಪು ಪಟ್ಟೆಗಳನ್ನು ಉದ್ದಕ್ಕೆ ಬಳಿದು, ಲೋಟಕ್ಕೆ ತಾಗದ ಹಾಗೆ ಸುತ್ತ ಕೊಳವೆ ಮಾಡಿ, ಸಾವಕಾಶ ಒಂದೇ ಕಡೆಗೆ ತಿರುಗಿಸಲಿ. ನೊಣ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದರೆ ಕಾಯಬೇಕು, ನಡೆಯುತ್ತಿರುವಾಗ ತಿರುಗಿಸಬೇಕು. ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ. ನೊಣ ಎಷ್ಟು ಸಲ ಪಟ್ಟೆಯ ಜೊತೆ ತಿರುಗಿತು ಅಂತ ಬರೆದಿಟ್ಟುಕೊಂಡು, ಅದನ್ನು ಹೊರಗೆ ಬಿಟ್ಟು, ಆ ಎಣಿಕೆಯನ್ನು ನನಗೆ ಕಳಿಸಲಿ.